ಹಳೇ ಮಜ್ದಾ ಮಿಯಾಟಾ ಕಾರ್ ಹೀಟ್ ಆಗ್ತಿದ್ಯಾ? ಯಾವಾಗ ಆಗುತ್ತೆ ಅಂತ ಮೊದಲು ನೋಡಿ

ಗಾಡಿ ಹೀಟ್ ಆಗ್ತಿದೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಬದಲಾಯಿಸಿ. ಸರಿಹೋಗಲಿಲ್ಲವಾ, ರೇಡಿಯೇಟರ್ ಹಾಕಿಸಿ. ಆಗಲೂ ಇಲ್ಲವಾ, ವಾಟರ್ ಪಂಪ್. ಹೀಗೆ ಒಂದೊಂದೇ ಬದಲಾಯಿಸುತ್ತಾ ಹೋದರೆ ಯಾವುದಾದರೂ ಒಂದರಲ್ಲಿ ಗಾಡಿ ಸರಿಹೋಗಿಯೇ ಹೋಗುತ್ತದೆ, ಇಲ್ಲ ಅನ್ನಲ್ಲ. ಆದರೆ ಅಗ್ಗಕ್ಕೆ ಸಿಕ್ತು ಅಂತ ತಗೊಂಡ ಗಾಡಿ ಅಷ್ಟೊತ್ತಿಗೆ ಅಗ್ಗದ್ದಾಗಿ ಉಳಿದಿರುವುದಿಲ್ಲ. ಎಷ್ಟು ಹೀಟ್ ಆಯ್ತು ಅನ್ನುವುದಕ್ಕಿಂತ ಯಾವಾಗ ಆಯ್ತು ಅನ್ನುವುದು ಮುಖ್ಯ. ಸಿಗ್ನಲ್‌ನಲ್ಲಿ ನಿಂತಾಗಲಾ, ಹೈವೇಯಲ್ಲಿ ಓಡುವಾಗಲಾ, ಎಸಿ ಹಾಕಿದ ಮೇಲಾ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇನಾ? ನಾಲ್ಕಕ್ಕೂ ಕಾರಣ ಬೇರೆ ಬೇರೆ. ಇದಕ್ಕೆ ಉತ್ತರ ಗೊತ್ತಿದ್ದರೆ ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ನಾನಿರುವುದು ಟೆಕ್ಸಸ್‌ನ ಡಲ್ಲಾಸ್ ಕಡೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ 38 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಇಂಥ ಊರಲ್ಲಿ ಮೂವತ್ತು ವರ್ಷ ದಾಟಿದ ಗಾಡಿ ಓಡಿಸುವವರಿಗೆ ಬೇರೆ ತೊಂದರೆಗಳೆಲ್ಲ ಆಮೇಲೆ, ಮೊದಲು ಇದೇ. ಇಲ್ಲಿ ಹೇಳುತ್ತಿರುವುದು ಮಜ್ದಾ ಮಿಯಾಟಾ ಅನ್ನುವ, ಟಾಪ್ ಇಳಿಸಬಹುದಾದ ಎರಡು ಸೀಟಿನ ಸಣ್ಣ ಕಾರಿನ ಮೊದಲ ಎರಡು ಮಾಡೆಲ್‌ಗಳ ಬಗ್ಗೆ ಮಾತ್ರ. ಹೆಡ್‌ಲೈಟ್ ಮೇಲೇಳುವ ಎನ್‌ಎ, 1989ರಿಂದ 1997ರವರೆಗಿನದು. ಅದರ ನಂತರ 2005ರವರೆಗೆ ಬಂದ ಎನ್‌ಬಿ. ಎನ್‌ಎಯಲ್ಲಿ ಮೊದಲು 1.6 ಲೀಟರ್ ಎಂಜಿನ್ ಇತ್ತು, ಅಮೆರಿಕದಲ್ಲಿ 1994ರಿಂದ 1.8 ಬಂತು. ನನ್ನದು 1.6. ಎನ್‌ಬಿ ಗೆಳೆಯನದ್ದು, ಆದರೆ ರಿಪೇರಿಗೆ ಬರುವುದು ನನ್ನ ಗ್ಯಾರೇಜಿಗೇ.

ಎರಡರಲ್ಲೂ ಬ್ಲಾಕ್ (ಎಂಜಿನ್‌ನ ಮುಖ್ಯ ದೇಹ) ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದ್ದು. ಅತಿಯಾಗಿ ಕಾದರೆ ಮೊದಲು ಸೊಟ್ಟಗಾಗುವುದು ಹೆಡ್ಡೇ. ಅದಕ್ಕೇ ಇಷ್ಟೊಂದು ಹೇಳುತ್ತಿರುವುದು. ಈ ಎಂಜಿನ್‌ಗಳು ಗಟ್ಟಿ. ಆಯಿಲ್ ಸೋರಿದರೂ ಓಡುತ್ತವೆ, ಟ್ಯಾಪೆಟ್ ಟಕಟಕ ಅಂದರೂ ಓಡುತ್ತವೆ. ನೀರಿಲ್ಲದೆ ಮಾತ್ರ ಓಡಲ್ಲ.

ಮುಳ್ಳನ್ನು ಎಷ್ಟು ನಂಬಬೇಕು

ಎನ್‌ಬಿ ಇದ್ದವರು ಇದನ್ನು ಗಮನವಿಟ್ಟು ಓದಿ. ಆ ಗಾಡಿಯ ಟೆಂಪರೇಚರ್ ಗೇಜ್ ನಿಮಗೆ ಗಾಬರಿ ಆಗದಿರಲಿ ಅಂತಲೇ ಮಾಡಿರುವುದು. ಸುಮಾರು 75 ಡಿಗ್ರಿಯಿಂದ 110ರ ಹತ್ತಿರದವರೆಗೂ ಮುಳ್ಳು ಮಧ್ಯದ ಆಸುಪಾಸಿನ ಒಂದೇ ಜಾಗದಲ್ಲಿ ಸುಮ್ನೆ ಕೂತಿರುತ್ತದೆ. ಅದು ಅಲ್ಲಿಂದ ಮೇಲೇಳುವುದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಎಂಜಿನ್ ಆಗಲೇ ಕುದಿಯುವ ಹಂತದಲ್ಲಿರುತ್ತದೆ. ಎನ್‌ಎ ಗೇಜ್ ಇದಕ್ಕಿಂತ ಚುರುಕು, ಸಣ್ಣ ಏರಿಳಿತವನ್ನೂ ತೋರಿಸುತ್ತದೆ. ಆದರೆ ಅದೂ ಡಿಗ್ರಿ ಲೆಕ್ಕ ಹೇಳಲ್ಲ. (ಹಾಗೆ ನೋಡಿದರೆ 1995ರಿಂದ ಈಚಿನ ಗಾಡಿಗಳ ಆಯಿಲ್ ಪ್ರೆಶರ್ ಗೇಜ್ ಕೂಡ ಹೆಸರಿಗಷ್ಟೇ ಗೇಜ್. ಒಳಗಿರುವುದು ಬರೀ ಒಂದು ಸ್ವಿಚ್. ಪ್ರೆಶರ್ ಇದ್ದರೆ ಮುಳ್ಳು ಮಧ್ಯಕ್ಕೆ ಬರುತ್ತದೆ, ಇಲ್ಲದಿದ್ದರೆ ಸೊನ್ನೆ.)

ನಿಮ್ಮ ಗಾಡಿ 1996 ಅಥವಾ ಅದರ ನಂತರದ್ದಾದರೆ ಗಾಡಿಯ ಕಂಪ್ಯೂಟರ್ ಹೇಳುವುದನ್ನು ಓದಲು ಓಬಿಡಿ ಪೋರ್ಟ್ ಇರುತ್ತದೆ. ಇಎಲ್‌ಎಂ 327 ಅಂತ ಬರುವ ಅಗ್ಗದ ಬ್ಲೂಟೂತ್ ಡಾಂಗಲ್ ಹಾಕಿ ಫೋನಿನಲ್ಲಿ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ, ನಾನು ನೀರು ಅನ್ನುವುದೂ ಇದನ್ನೇ) ಟೆಂಪರೇಚರ್ ನೋಡಿ. ಸಾಮಾನ್ಯ ಓಡಾಟದಲ್ಲಿ 85ರಿಂದ 97 ಡಿಗ್ರಿ ಸೆಲ್ಸಿಯಸ್ ಒಳಗೆ ಏರಿಳಿಯುತ್ತಿದ್ದರೆ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಥರ್ಮೋಸ್ಟ್ಯಾಟ್ ಬಾಯಿ ಬಿಡುವುದು 88ರ ಹತ್ತಿರ. ಫ್ಯಾನ್ ಶುರುವಾಗುವುದು 97ರ ಹತ್ತಿರ. ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಇವುಗಳ ಮೇಲೇ ನಿಂತಿದೆ. ಹಳೇ ಎನ್‌ಎಗೆ ಈ ಸೌಕರ್ಯ ಇಲ್ಲ. ಅದಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದು ಇಟ್ಟುಕೊಳ್ಳಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಗನ್ ಹಿಡಿದರೆ ಕಡಿಮೆ ತೋರಿಸುತ್ತದೆ. ಥರ್ಮೋಸ್ಟ್ಯಾಟ್ ಹೌಸಿಂಗ್ ಮೇಲೆ ಕಪ್ಪು ಟೇಪಿನ ಚೂರು ಅಂಟಿಸಿ ಅದಕ್ಕೆ ಗುರಿ ಇಟ್ಟರೆ ಸರಿಯಾದ ಲೆಕ್ಕ ಸಿಗುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರಲ್ಲ. ಮೇಲೆ ಹೋಗಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಖುಷಿಪಡಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿ ಹೇಳುತ್ತದೆ. ನೀರೆಲ್ಲ ಸೋರಿ ಹೋಗಿ ಅದು ಗಾಳಿಯಲ್ಲಿ ನಿಂತಿದ್ದರೆ ತಣ್ಣಗಿದೆ ಅನ್ನುತ್ತದೆ. ಆಗ ಮಾಡಬೇಕಾದ್ದು ಒಂದೇ, ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡುವುದು.

ತಣ್ಣಗಿರುವಾಗ, ಕಣ್ಣಿಂದ

ಬೆಳಿಗ್ಗೆ ಎದ್ದು ಗಾಡಿ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗಿನ ನೀರು ಒತ್ತಡದಿಂದಾಗಿ ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಕ್ಯಾಪ್ ಸಡಿಲಿಸಿದ ತಕ್ಷಣ ಅದೆಲ್ಲ ಒಮ್ಮೆಲೇ ಕುದ್ದು ಮುಖಕ್ಕೇ ಎರಚುತ್ತದೆ.

ಕ್ಯಾಪ್ ತೆಗೆದು ನೋಡಿ, ನೀರು ಕತ್ತಿನವರೆಗೆ ಇರಬೇಕು. ಪಕ್ಕದ ಪ್ಲಾಸ್ಟಿಕ್ ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇದ್ದರೆ ತೊಂದರೆ ಹೆಚ್ಚಾಗಿ ಕ್ಯಾಪ್‌ನಲ್ಲೇ. ಕ್ಯಾಪ್‌ಗೆ ಎರಡು ಕೆಲಸ. ಬಿಸಿಯಾದಾಗ ಹೆಚ್ಚಾದ ನೀರನ್ನು ಬಾಟಲಿಗೆ ಬಿಡುವುದು, ತಣ್ಣಗಾದಾಗ ಅದನ್ನು ವಾಪಸ್ ಎಳೆದುಕೊಳ್ಳಲು ದಾರಿ ಕೊಡುವುದು. ಎರಡನೆಯದಕ್ಕೆ ಮಧ್ಯದಲ್ಲಿ ಸಣ್ಣ ವಾಲ್ವ್ ಇದೆ. ಅದು ಅಂಟಿಕೊಂಡರೆ ನೀರು ಹೋಗುತ್ತೆ, ಬರಲ್ಲ. ರಾತ್ರಿ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಇದೇ ಕಾರಣ. ಹೊಸ ಕ್ಯಾಪ್‌ಗೆ ಹೆಚ್ಚು ದುಡ್ಡಿಲ್ಲ. 0.9 ಬಾರ್‌ನದ್ದು ಕಂಪನಿ ಅಳತೆ, ಅಂದರೆ ಸುಮಾರು 13 ಪಿಎಸ್ಐ. ಹಳೇ ರೇಡಿಯೇಟರ್ ಇದ್ದರೆ ಅದಕ್ಕಿಂತ ಜಾಸ್ತಿ ಒತ್ತಡದ ಕ್ಯಾಪ್ ಹಾಕಬೇಡಿ. ಹಳೇ ಪ್ಲಾಸ್ಟಿಕ್ ತಡೆಯಲ್ಲ.

ಪ್ಲಾಸ್ಟಿಕ್ ಅಂದೆನಲ್ಲ, ರೇಡಿಯೇಟರ್‌ನ ಮೇಲಿನ ಟ್ಯಾಂಕ್ ನೋಡಿ. ಕಂಪನಿಯಿಂದ ಬಂದಾಗ ಕಡುಕಪ್ಪು ಇರುತ್ತದೆ. ವರ್ಷಗಳು ಕಳೆದಂತೆ ಬಣ್ಣ ಇಳಿದು ನೀರು ಬೆರೆಸಿದ ಕಾಫಿ ಡಿಕಾಕ್ಷನ್‌ನಂತೆ ಕಂದಾಗುತ್ತದೆ, ಕೆಲವು ಸಲ ಹಸಿರು ಛಾಯೆಯೂ ಬರುತ್ತದೆ. ಮೇಲಿನ ಹೋಸ್ ಸೇರುವ ಕುತ್ತಿಗೆಯ ಬುಡದಲ್ಲಿ ಟಾರ್ಚ್ ಹಾಕಿ ನೋಡಿದರೆ ಕೂದಲೆಳೆಯಷ್ಟು ತೆಳುವಾದ ಬಿರುಕು, ಅದರ ಸುತ್ತ ಒಣಗಿದ ಕೂಲಂಟಿನ ಬಿಳಿ ಇಲ್ಲವೇ ಹಸಿರು ಪುಡಿ ಕಾಣಬಹುದು. ಪುಡಿ ಕಂಡರೆ ಬೇರೆ ಟೆಸ್ಟ್ ಬೇಕಾಗಿಲ್ಲ. ಬಣ್ಣ ಕಂದಾಗಿದ್ದು ಪುಡಿ ಇಲ್ಲದಿದ್ದರೂ ನನ್ನ ಲೆಕ್ಕದಲ್ಲಿ ಆ ರೇಡಿಯೇಟರ್‌ನ ಕಾಲ ಮುಗಿದಿದೆ. ಅದು ಯಾವತ್ತು ಒಡೆಯುತ್ತೆ ಅನ್ನುವುದಷ್ಟೇ ಬಾಕಿ, ಮತ್ತೆ ಅದು ಒಡೆಯುವುದು ಮನೆ ಮುಂದೆ ಅಲ್ಲ.

ಹೋಸ್‌ಗಳನ್ನು ಒಂದೊಂದಾಗಿ ಹಿಂಡಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೂ ತಪ್ಪು, ಪಿಚಪಿಚ ಅಂದರೂ ತಪ್ಪು. ದೊಡ್ಡ ಎರಡು ಎಲ್ಲರಿಗೂ ಕಾಣುತ್ತವೆ. ಜನ ಬಿಡುವುದು ಹಿಂದಿನವನ್ನು. ಎಂಜಿನ್ ಹಿಂಬದಿ, ಫೈರ್‌ವಾಲ್ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ಹತ್ತಿರ ಹೀಟರ್‌ಗೆ ಹೋಗುವ ಎರಡು ಹೋಸ್ ಇವೆ. ಎನ್‌ಎಯಲ್ಲಿ ಅಲ್ಲೇ ಮೇಲೆ ಕ್ಯಾಮ್ ಆಂಗಲ್ ಸೆನ್ಸರ್ ಇದೆ. ಅದರ ಓ-ರಿಂಗ್ (ಸೋರದಂತೆ ಹಾಕಿರುವ ರಬ್ಬರ್ ಬಳೆ) ಗಟ್ಟಿಯಾಗಿ ಆಯಿಲ್ ಜಿನುಗುವುದು ಈ ಗಾಡಿಗಳಲ್ಲಿ ಮನೆಮಾತು. ಆ ಆಯಿಲ್ ಕೆಳಗಿನ ಹೀಟರ್ ಹೋಸ್ ಮೇಲೆ ವರ್ಷಗಟ್ಟಲೆ ತೊಟ್ಟಿಕ್ಕಿ ರಬ್ಬರ್ ಊದಿ ಮೆತ್ತಗಾಗುತ್ತದೆ. ಅಂದರೆ ಒಂದು ಡಾಲರ್‌ನ ಓ-ರಿಂಗ್ ಬಿಟ್ಟಿದ್ದಕ್ಕೆ ಕೂಲಂಟ್ ಹೋಸ್ ಒಡೆಯುತ್ತದೆ. ಹೋಸ್ ಬದಲಾಯಿಸುವಾಗ ಓ-ರಿಂಗ್ ಕೂಡ ಹಾಕಿ, ಇಲ್ಲದಿದ್ದರೆ ಹೊಸ ಹೋಸ್‌ಗೂ ಅದೇ ಗತಿ. ಇಂಟೇಕ್ ಕೆಳಗೆ ಆಯಿಲ್ ಫಿಲ್ಟರ್ ಹತ್ತಿರ ಇನ್ನೂ ಕೆಲವು ಗಿಡ್ಡ ಹೋಸ್‌ಗಳಿವೆ. ಅಲ್ಲಿಗೆ ಕೈ ಹೋಗುವುದೇ ಕಷ್ಟ. ಕೆಳಗಿನಿಂದ ಟಾರ್ಚ್ ಹಾಕಿ, ಒದ್ದೆ ಇದೆಯಾ ಅಂತ ನೋಡಿದರೆ ಸದ್ಯಕ್ಕೆ ಸಾಕು.

ಸಿಗ್ನಲ್‌ನಲ್ಲಿ ಏರುತ್ತೆ, ಓಡಿದರೆ ಇಳಿಯುತ್ತೆ

ಇದು ಎಲ್ಲಕ್ಕಿಂತ ಸುಲಭ. ಗಾಡಿ ಓಡುವಾಗ ಗಾಳಿ ತಾನಾಗಿ ರೇಡಿಯೇಟರ್ ಒಳಗೆ ನುಗ್ಗುತ್ತದೆ, ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ನಿಂತಾಗ ಮಾತ್ರ ಏರುತ್ತಿದ್ದರೆ ನೀರು, ಪಂಪು, ಥರ್ಮೋಸ್ಟ್ಯಾಟ್ ಎಲ್ಲ ಹೆಚ್ಚುಕಮ್ಮಿ ಸರಿ ಇವೆ ಅಂತಲೇ ಅರ್ಥ. ಫ್ಯಾನ್ ನೋಡಿ.

ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಬಿಡಿ, ಬಿಸಿ 97 ಡಿಗ್ರಿ ಹತ್ತಿರ ಬಂದಾಗ ಫ್ಯಾನ್ ಸದ್ದು ಕೇಳಬೇಕು. ಬೆರಳು ದೂರ ಇರಲಿ, ಅದು ಹೇಳಿ ಕೇಳಿ ತಿರುಗಲ್ಲ. 100 ದಾಟಿದರೂ ಸದ್ದಿಲ್ಲವಾ, ಆಫ್ ಮಾಡಿ. ಈಗ ಮೂರರಲ್ಲಿ ಯಾವುದು ಹೋಗಿದೆ ಅಂತ ಹುಡುಕಬೇಕು: ಆನ್ ಮಾಡು ಅಂತ ಹೇಳುವ ಸ್ವಿಚ್ಚಾ, ಕರೆಂಟ್ ಕೊಡುವ ರಿಲೇ ಮತ್ತು ಫ್ಯೂಸಾ, ಅಥವಾ ಮೋಟರ್ರಾ.

ಎನ್‌ಎ ಇದ್ದವರಿಗೆ ಇಲ್ಲಿ ಒಂದು ಒಳ್ಳೇ ದಾರಿ ಇದೆ. ಎಂಜಿನ್ ಬೇಯಲ್ಲಿ ‘ಡಯಾಗ್ನೋಸಿಸ್’ ಅಂತ ಮುಚ್ಚಳದ ಮೇಲೆ ಬರೆದ ಸಣ್ಣ ಡಬ್ಬಿ ಇದೆ. ಮುಚ್ಚಳ ತೆಗೆದರೆ ಒಳಭಾಗದಲ್ಲೇ ಯಾವ ಪಿನ್ ಯಾವುದು ಅಂತ ಬರೆದಿರುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಒಂದು ವೈರ್ ತುಂಡಿನಿಂದ ಟಿಎಫ್‌ಎ ಪಿನ್ ಅನ್ನು ಜಿಎನ್‌ಡಿ ಪಿನ್‌ಗೆ ಸೇರಿಸಿ. ಫ್ಯಾನ್ ತಿರುಗಿತಾ? ಹಾಗಾದರೆ ಫ್ಯೂಸ್, ರಿಲೇ, ಮೋಟರ್ ಮೂರೂ ಚೆನ್ನಾಗಿವೆ, ಹೋಗಿರುವುದು ಥರ್ಮೋ ಸ್ವಿಚ್ ಅಥವಾ ಅದರ ವೈರ್. 1.6ರಲ್ಲಿ ಈ ಸ್ವಿಚ್ ಮುಂದೆ ಥರ್ಮೋಸ್ಟ್ಯಾಟ್ ಹೌಸಿಂಗ್ ಮೇಲೇ ಇದೆ. ಮೊದಲು ಅದರ ಕನೆಕ್ಟರ್ ತೆಗೆದು ಒಳಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ವಾಪಸ್ ಹಾಕಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಪಿನ್ ಸೇರಿಸಿದರೂ ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ. ಕೀ ಆನ್ ಇರುವಾಗ ರಿಲೇ ಮೇಲೆ ಬೆರಳಿಟ್ಟು ಇನ್ನೊಬ್ಬರಿಗೆ ಪಿನ್ ಸೇರಿಸಲು ಹೇಳಿ, ಟಿಕ್ ಅಂತ ಬೆರಳಿಗೆ ಗೊತ್ತಾಗಬೇಕು. ಟಿಕ್ ಅಂದು ಫ್ಯಾನ್ ಸುಮ್ಮನಿದ್ದರೆ ಮೋಟರ್ ಪ್ಲಗ್ ಬಿಡಿಸಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಈ ಗಾಡಿಯಲ್ಲಿ ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿದೆ, ಅಷ್ಟುದ್ದ ವೈರ್ ಎಳೆಯುವ ಬದಲು ಸಣ್ಣದೊಂದು ಬೇರೆ ಬ್ಯಾಟರಿ ಪಕ್ಕಕ್ಕಿಟ್ಟುಕೊಂಡರೆ ಆರಾಮ. ನೇರ ಕೊಟ್ಟರೂ ತಿರುಗದ, ಅಥವಾ ಕೈಯಲ್ಲಿ ತಳ್ಳಿದರೆ ಮಾತ್ರ ಹೊರಡುವ ಮೋಟರ್ ಬದಲಾಯಿಸಲೇಬೇಕು.

ಹೈವೇಯಲ್ಲಿ ಏರುತ್ತೆ

ಇಲ್ಲಿ ಫ್ಯಾನ್‌ಗೆ ಏನೂ ಸಂಬಂಧವಿಲ್ಲ. ಗಂಟೆಗೆ 70 ಮೈಲಿಯಲ್ಲಿ ಹೋಗುವಾಗ ಫ್ಯಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂದೋ ಗಾಳಿ ರೇಡಿಯೇಟರ್ ಒಳಗೆ ಹೋಗುತ್ತಿಲ್ಲ, ಇಲ್ಲ ನೀರು ಸಾಕಷ್ಟು ಹರಿಯುತ್ತಿಲ್ಲ.

ಗಾಳಿಯದ್ದು ಮೊದಲು ನೋಡಿ, ಯಾಕೆಂದರೆ ಅದಕ್ಕೆ ದುಡ್ಡು ಬೇಕಾಗಿಲ್ಲ. ಮಿಯಾಟಾ ಮೂತಿಯ ಕೆಳಗೆ ಒಂದು ಕಪ್ಪು ಪ್ಲಾಸ್ಟಿಕ್ ತಟ್ಟೆ ಇರಬೇಕು, ಅಂಡರ್‌ಟ್ರೇ ಅನ್ನುತ್ತಾರೆ. ನಿಮ್ಮ ಗಾಡಿಯಲ್ಲಿ ಅದು ಇದೆಯಾ? ಈಗಲೇ ಬಗ್ಗಿ ನೋಡಿ. ಹತ್ತು ಕೈ ಬದಲಾದ ಗಾಡಿಯಲ್ಲಿ ಯಾರೋ ಒಬ್ಬ ಆಯಿಲ್ ಬದಲಾಯಿಸುವಾಗ ತೆಗೆದಿಟ್ಟು ವಾಪಸ್ ಹಾಕದೆ ಕಳಿಸಿರುತ್ತಾನೆ. ಕೆಸರು ಹಾರದಿರಲಿ ಅಂತ ಇಟ್ಟಿದ್ದು, ಇಲ್ಲದಿದ್ದರೂ ನಡೆಯುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಡೆಯಲ್ಲ. ಬಾಯಿಯಿಂದ ಬಂದ ಗಾಳಿ ರೇಡಿಯೇಟರ್ ಒಳಗಿಂದಲೇ ಹಾದು ಹಿಂದೆ ಕೆಳಗಿನಿಂದ ಹೊರಹೋಗುವಂತೆ ಮಾಡುವುದೇ ಆ ತಟ್ಟೆ. ಅದಿಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ರೇಡಿಯೇಟರ್ ಕೆಳಗಿಂದಲೇ ಜಾರಿಕೊಳ್ಳುತ್ತದೆ, ಜೊತೆಗೆ ಗಾಡಿಯ ಕೆಳಗಿನ ಗಾಳಿ ಎಂಜಿನ್ ಬೇ ಒಳಗೆ ನುಗ್ಗಿ ರೇಡಿಯೇಟರ್ ಹಿಂದೆ ಒತ್ತಡ ಏರಿಸುತ್ತದೆ. ಹೊಸ ರೇಡಿಯೇಟರ್ ಹಾಕಿದರೂ ಹೈವೇಯಲ್ಲಿ ಬಿಸಿ ಇಳಿಯುತ್ತಿಲ್ಲ ಅನ್ನುವವರಿಗೆ ನಾನು ಮೊದಲು ಕೇಳುವುದು ಈ ತಟ್ಟೆಯ ಬಗ್ಗೆಯೇ.

ಹಾಗೇ ಮುಂದಿನ ನಂಬರ್ ಪ್ಲೇಟ್. ಟೆಕ್ಸಸ್‌ನಲ್ಲಿ ಮುಂದೂ ಪ್ಲೇಟ್ ಕಡ್ಡಾಯ. ಅಷ್ಟು ಸಣ್ಣ ಬಾಯಿಗೆ ಅಡ್ಡಲಾಗಿ ಪ್ಲೇಟ್ ಹಾಕಿದರೆ ಗಾಳಿ ಎಲ್ಲಿಂದ ಹೋಗಬೇಕು? ಪಕ್ಕಕ್ಕೆ ಸರಿಸುವ ಬ್ರ್ಯಾಕೆಟ್ ಸಿಗುತ್ತದೆ. ಆಮೇಲೆ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂತು ಎಸಿಯ ಬಿಸಿ ಹೊರಬಿಡುವ ಜಾಲರಿ) ಮತ್ತು ರೇಡಿಯೇಟರ್ ಮಧ್ಯೆ ಟಾರ್ಚ್ ಬಿಡಿ. ಒಣ ಎಲೆ, ಹುಳ, ಧೂಳು ಸೇರಿ ಕಂಬಳಿ ಕಟ್ಟಿರುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಿ. ಪ್ರೆಶರ್ ವಾಷರ್ ಬೇಡ, ಫಿನ್ ಎಲ್ಲ ಮಡಚಿಹೋಗುತ್ತವೆ.

ಗಾಳಿ ಸರಿ ಇದ್ದರೆ ನೀರು. ಗಾಡಿ ಬಿಸಿಯಾದ ಮೇಲೆ ನಿಲ್ಲಿಸಿ, ಗನ್ ಹಿಡಿದು ರೇಡಿಯೇಟರ್ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನಿಧಾನಕ್ಕೆ ನೋಡುತ್ತಾ ಹೋಗಿ. ಈ ರೇಡಿಯೇಟರ್‌ನಲ್ಲಿ ನೀರು ಮೇಲಿನ ಟ್ಯಾಂಕಿಂದ ಕೆಳಗಿನದಕ್ಕೆ ಹರಿಯುತ್ತದೆ. ಮೇಲಿಂದ ಕೆಳಗೆ ಬಿಸಿ ಹಂತಹಂತವಾಗಿ ಇಳಿಯಬೇಕು. ಮಧ್ಯೆ ಎಲ್ಲೋ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ಟ್ಯೂಬ್ ಕಟ್ಟಿಕೊಂಡಿದೆ. ನಲ್ಲಿ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ, ಸೋರಿಕೆ ನಿಲ್ಲಿಸುವ ಪುಡಿ ಸುರಿದ ಗಾಡಿಗಳಲ್ಲಿ ಇದು ಜಾಸ್ತಿ. ಆ ಪುಡಿ ಬಗ್ಗೆ ನನ್ನ ಅಭಿಪ್ರಾಯ ಒಳ್ಳೇದಲ್ಲ. ಅದು ಸೋರುವ ತೂತನ್ನು ಮುಚ್ಚುತ್ತೋ ಇಲ್ವೋ, ಡ್ಯಾಶ್‌ಬೋರ್ಡ್ ಒಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್ ಅನ್ನಂತೂ ಮುಚ್ಚುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಅದು.

ಎಸಿ ಹಾಕಿದಾಗ ಮಾತ್ರ

ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೇಲೆ ಹೇಳಿದ್ದನ್ನೇ ಮಾಡಿ. ತಿರುಗಿದರೂ ಬಿಸಿ ಏರುತ್ತಿದ್ದರೆ ರೇಡಿಯೇಟರ್ ತನ್ನ ಮಿತಿಯಲ್ಲಿದೆ ಅಂತ. ಕಂಡೆನ್ಸರ್ ಬಿಡುವ ಬಿಸಿಗಾಳಿಯನ್ನೇ ಅದು ಉಸಿರಾಡಬೇಕಲ್ಲ. ಎಸಿಯನ್ನು ಬೈದು ಪ್ರಯೋಜನವಿಲ್ಲ.

ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ, ಅಥವಾ ಮನಸ್ಸು ಬಂದಾಗ

ಈಗ ಥರ್ಮೋಸ್ಟ್ಯಾಟ್ ಸರದಿ. ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಮೇಲೆ ಆಗಾಗ ಕೈಯಿಟ್ಟು ನೋಡುತ್ತಿರಿ. ಮೊದಲು ತಣ್ಣಗೇ ಇದ್ದು, 88 ಡಿಗ್ರಿ ಬಂದ ಮೇಲೆ ಅದು ಸ್ವಲ್ಪ ಹೊತ್ತಿನಲ್ಲೇ ಕೈ ಸುಡುವಷ್ಟು ಬಿಸಿಯಾಗಬೇಕು. ಡಾಂಗಲ್ 100 ತೋರಿಸುತ್ತಿದ್ದರೂ ಹೋಸ್ ತಣ್ಣಗಿದ್ದರೆ ಥರ್ಮೋಸ್ಟ್ಯಾಟ್ ತೆರೆದಿಲ್ಲ. ಶುರುವಿನಿಂದಲೇ ಹೋಸ್ ನಿಧಾನಕ್ಕೆ ಬಿಸಿಯಾಗುತ್ತಾ ಬಂದರೆ ಅದು ತೆರೆದೇ ಸಿಕ್ಕಿಕೊಂಡಿದೆ, ಅಂಥ ಗಾಡಿ ಹೀಟ್ ಆಗುವುದಕ್ಕಿಂತ ತಣ್ಣಗೇ ಉಳಿಯುತ್ತದೆ.

ಮುಳ್ಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕುಣಿಯುತ್ತಿದ್ದರೆ, ಹೀಟರ್ ಹಾಕಿದಾಗ ಒಂದು ಸಲ ಬಿಸಿಗಾಳಿ ಒಂದು ಸಲ ತಣ್ಣನೆ ಗಾಳಿ ಬರುತ್ತಿದ್ದರೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ. ಯಾರಾದರೂ ಇತ್ತೀಚೆಗೆ ಕೂಲಂಟ್ ಬದಲಾಯಿಸಿದ್ದಾರಾ? ಹಾಗಿದ್ದರೆ ಬಹುತೇಕ ಇದೇ. ತೆಗೆಯುವುದು ಹೀಗೆ. ಗಾಡಿ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಅಥವಾ ಜ್ಯಾಕ್ ಸ್ಟ್ಯಾಂಡ್ ಮೇಲೆ ಮುಂಭಾಗ ಎತ್ತಿ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಆಮೇಲೆ ಸ್ಟಾರ್ಟ್. ಗುಳ್ಳೆ ಬರುತ್ತಾ ನೀರು ಇಳಿಯುತ್ತದೆ, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ನೀರು ಹಾಕುತ್ತಾ ಹೋಗಿ. ಮೇಲಿನ ಹೋಸನ್ನು ಆಗಾಗ ಹಿಸುಕಿ. ಥರ್ಮೋಸ್ಟ್ಯಾಟ್ ತೆರೆದಾಗ ನೀರು ದಿಢೀರನೆ ಕೆಳಗಿಳಿಯುತ್ತದೆ, ಆಗ ತುಂಬಿಸಿ ಕ್ಯಾಪ್ ಮುಚ್ಚಿ. ಪೂರ್ತಿ ಖಾಲಿ ಮಾಡಿದ್ದರೆ ಒಟ್ಟು ಸುಮಾರು 6 ಲೀಟರ್ ಹಿಡಿಯುತ್ತದೆ. ನಾಲ್ಕಕ್ಕೇ ತುಂಬಿತು ಅಂದರೆ ಉಳಿದದ್ದು ಗಾಳಿ. ಮಾರನೇ ಬೆಳಿಗ್ಗೆ ಮತ್ತೆ ನೋಡಿ. ಕೆಳಗೆ ಚೆಲ್ಲಿದ್ದನ್ನು ಒರೆಸಿಬಿಡಿ, ಕೂಲಂಟ್ ಸಿಹಿ ಇರುವುದರಿಂದ ನಾಯಿ ಬೆಕ್ಕು ನೆಕ್ಕುತ್ತವೆ, ಅದು ಅವಕ್ಕೆ ವಿಷ.

ಬಿಸಿ ಏರಿದಾಗಲೇ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ಲೈಟ್ ಕೂಡ ಹೊತ್ತಿಕೊಂಡರೆ ಏನೂ ಹುಡುಕಬೇಕಾಗಿಲ್ಲ. ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ಹರಿದಿದೆ. ಆ ಗಳಿಗೆಯಿಂದ ಒಂದು ಮೈಲಿಯೂ ಓಡಿಸಬೇಡಿ.

ಸೋರಿಕೆ ಕಾಣಲ್ಲ, ನೀರು ಮಾತ್ರ ಕಡಿಮೆಯಾಗುತ್ತೆ

ಆಟೋಝೋನ್, ಓರೈಲಿಯಂಥ ಪಾರ್ಟ್ಸ್ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟರೆ ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್ ಎರವಲು ಕೊಡುತ್ತಾರೆ, ವಾಪಸ್ ಕೊಟ್ಟಾಗ ದುಡ್ಡು ವಾಪಸ್. ಕ್ಯಾಪ್ ಜಾಗದಲ್ಲಿ ಕೂರಿಸಿ 13 ಪಿಎಸ್ಐವರೆಗೆ ಪಂಪ್ ಮಾಡಿ, ಒಂದು ಕಾಫಿ ಕುಡಿದು ಬನ್ನಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮುಂದೆ ಕ್ರ್ಯಾಂಕ್ ಪುಲ್ಲಿ (ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ತುದಿಯ ಚಕ್ರ) ಕೆಳಗೆ ತೊಟ್ಟಿಕ್ಕಿದರೆ ವಾಟರ್ ಪಂಪ್ ಮೇಲೆ ಅನುಮಾನಪಡಿ. ಒಳಗೆ ಕೂತಾಗ ಸಿಹಿ ವಾಸನೆ, ಗಾಜಿಗೆ ಜಿಡ್ಡು ಮಂಜು, ಕಾಲ ಬಳಿ ಕಾರ್ಪೆಟ್ ಒದ್ದೆ, ಇವೆಲ್ಲ ಹೀಟರ್ ಕೋರ್. ಕಾರ್ಪೆಟ್ ಬರೀ ಮಳೆ ಬಂದ ಮೇಲೆ ಒದ್ದೆಯಾಗುತ್ತಿದ್ದರೆ ಅದು ಬೇರೆ ಕಥೆ, ಟಾಪ್‌ನಿಂದ ನೀರಿಳಿಯುವ ಡ್ರೇನ್ ಕಟ್ಟಿರುತ್ತದೆ. ಕೈಯಲ್ಲಿ ಮುಟ್ಟಿ ನೋಡಿ, ಕೂಲಂಟ್ ಆದರೆ ಜಾರುತ್ತದೆ.

ಹೊರಗೆಲ್ಲೂ ಸೋರುತ್ತಿಲ್ಲ, ಆದರೂ ಪ್ರೆಶರ್ ಇಳಿಯುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ನೋಡಬೇಕು. ಈ ಎಂಜಿನ್‌ಗಳಲ್ಲಿ ಗ್ಯಾಸ್ಕೆಟ್ ಸುಮ್ಸುಮ್ನೆ ಹೋಗುವುದು ಕಡಿಮೆ. ಹಿಂದೆ ಯಾರೋ ಚೆನ್ನಾಗಿ ಕುದಿಸಿರಬೇಕು. ಅದೇ ಅಂಗಡಿಯಲ್ಲಿ ಬ್ಲಾಕ್ ಟೆಸ್ಟರ್ ಕೂಡ ಸಿಗುತ್ತದೆ, ದ್ರವ ಮಾತ್ರ ಕೊಳ್ಳಬೇಕು. ರೇಡಿಯೇಟರ್ ನೀರನ್ನು ಸ್ವಲ್ಪ ಕೆಳಗಿಳಿಸಿ, ಎಂಜಿನ್ ಓಡುತ್ತಿರುವಾಗ ಅದರ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯಬೇಕು. ನೀಲಿ ಹಾಗೇ ಉಳಿದರೆ ಒಳ್ಳೇದು. ಹಳದಿಯಾದರೆ ಸುಟ್ಟ ಗ್ಯಾಸ್ ನೀರಿಗೆ ಬರುತ್ತಿದೆ. ಇದನ್ನು ಮಾಡದೆ ‘ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು’ ಅನ್ನುವ ಯಾವ ಗ್ಯಾರೇಜಿನವರ ಮಾತಿಗೂ ದುಡ್ಡು ಬಿಚ್ಚಬೇಡಿ. ಆಯಿಲ್ ಕ್ಯಾಪ್ ಕೆಳಗಿನ ತಿಳಿ ನೊರೆ ನೋಡಿ ಹೆದರುವವರೂ ಇದ್ದಾರೆ. ಚಳಿಗಾಲದಲ್ಲಿ ಹತ್ತಿರ ಹತ್ತಿರ ಮಾತ್ರ ಓಡಾಡುವ ಗಾಡಿಯಲ್ಲಿ ಅದು ಬರೀ ತೇವಾಂಶ. ಡಿಪ್‌ಸ್ಟಿಕ್ ಮೇಲೂ ನೊರೆ ಇದ್ದರೆ ಮಾತ್ರ ಚಿಂತೆ ಮಾಡಿ.

ಕೂಲಂಟ್ ರೀರೂಟ್ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಈ ಎಂಜಿನ್ ಮೂಲದಲ್ಲಿ ಮಜ್ದಾ 323ಗೆ ಅಡ್ಡ ಕೂರಿಸಲು ಮಾಡಿದ ಮನೆತನದ್ದು. ಮಿಯಾಟಾದಲ್ಲಿ ಉದ್ದಕ್ಕೆ ತಿರುಗಿಸಿದಾಗ ನೀರು ಹೊರಬರುವ ಬಾಯಿ ಮುಂದಕ್ಕೇ ಬಂತು, ಹಿಂದಿನ ನಾಲ್ಕನೇ ಸಿಲಿಂಡರ್‌ಗೆ ಹರಿವು ಕಡಿಮೆಯಾಯ್ತು. ರೀರೂಟ್ ಕಿಟ್ ಆ ಬಾಯನ್ನು ಹಿಂದಕ್ಕೆ ಒಯ್ಯುತ್ತದೆ. ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ, ಟರ್ಬೋ ಹಾಕಿದವರಿಗೆ ಅದು ಬೇಕು. ಶನಿವಾರ ದೇವಸ್ಥಾನಕ್ಕೆ, ಇಂಡಿಯನ್ ಸ್ಟೋರ್‌ಗೆ ಹೋಗುವ ಗಾಡಿಗೆ ಬೇಡ.

ರಸ್ತೆಯಲ್ಲೇ ಆದರೆ

ಎಸಿ ಆಫ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಫುಲ್. ಹೀಟರ್ ಕೋರ್ ಅಂದರೆ ಇನ್ನೊಂದು ಸಣ್ಣ ರೇಡಿಯೇಟರ್ ತಾನೆ. ಊರಿಂದ ಬಂದಿದ್ದ ಅಮ್ಮ ಪಕ್ಕದಲ್ಲಿ ಕೂತಿದ್ದಾಗ ನಾನು ಇದನ್ನು ಮಾಡಬೇಕಾಯ್ತು. ‘ಈ ಬಿಸಿಲಲ್ಲಿ ಹೀಟರ್ ಹಾಕ್ತೀಯಲ್ಲೋ, ಇರೋದೇ ಎರಡು ಸೀಟು, ಅದರಲ್ಲಿ ಒಂದರ ಮೇಲೆ ನನ್ನ ಬೇಯಿಸ್ತೀಯಾ?’ ಅಂದರು. ಟಾಪ್ ಇಳಿಸಿದೆ, ಸ್ವಲ್ಪ ತಡೆದುಕೊಂಡರು. ಹೀಟರ್‌ನಿಂದ ಬಿಸಿಗಾಳಿ ಬರುತ್ತಿದ್ದರೆ ನೀರು ಇನ್ನೂ ಹರಿಯುತ್ತಿದೆ, ಮುಂದಿನ ಎಕ್ಸಿಟ್‌ವರೆಗೆ ನಿಧಾನಕ್ಕೆ ಹೋಗಬಹುದು. ಬಿಸಿ ಹೆಚ್ಚಿದ್ದೂ ತಣ್ಣನೆ ಗಾಳಿ ಬಂದರೆ ನೀರಿಲ್ಲ, ಅಲ್ಲೇ ನಿಲ್ಲಿಸಿ ಟೋ ಕರೆಸಿ. ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ.

ಪಂಪ್ ಬದಲಾಯಿಸುವುದಾದರೆ

ಪಂಪ್ ತಿರುಗುವುದು ಹೊರಗಿನ ಬೆಲ್ಟಿನಿಂದಾದರೂ ಅದನ್ನು ಬಿಚ್ಚಲು ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್‌ನಿಂದ ಕ್ಯಾಮ್‌ಗಳನ್ನು ತಿರುಗಿಸುವ ಒಳಗಿನ ಬೆಲ್ಟ್) ತೆಗೆಯಲೇಬೇಕು. ಟೈಮಿಂಗ್ ಬೆಲ್ಟ್‌ಗೆ ಹೇಳಿರುವುದು 60,000 ಮೈಲಿ. ಹಾಗಾಗಿ ಯಾವುದಕ್ಕೆ ಕೈ ಹಾಕಿದರೂ ಎರಡನ್ನೂ ಒಟ್ಟಿಗೇ ಮಾಡಿ, ಜೊತೆಗೆ ಮುಂದಿನ ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲ್, ಟೆನ್ಷನರ್, ಥರ್ಮೋಸ್ಟ್ಯಾಟ್, ಹೋಸ್‌ಗಳು. ಪಾರ್ಟ್ಸ್‌ಗೆ ಆಗುವುದಕ್ಕಿಂತ ಮಜೂರಿಗೇ ಜಾಸ್ತಿ ಆಗುವ ಕೆಲಸ ಇದು, ಎರಡು ಸಲ ಯಾಕೆ ಕೊಡಬೇಕು?

ಮೊದಮೊದಲ 1.6 ಎಂಜಿನ್ ಇದ್ದವರು ಮಾತ್ರ ಇಲ್ಲಿ ಹುಷಾರಾಗಿರಿ. ಮುಂದಿನ ಕ್ರ್ಯಾಂಕ್ ಪುಲ್ಲಿ ಮೇಲೆ ಎಷ್ಟು ಸೀಳು ಇವೆ ಎಣಿಸಿ. ನಾಲ್ಕಿದ್ದರೆ ಅದು ಗಿಡ್ಡ ಮೂತಿಯ ಕ್ರ್ಯಾಂಕ್, ಎಂಟಿದ್ದರೆ ಉದ್ದದ್ದು. ಗಿಡ್ಡದರಲ್ಲಿ ಮಧ್ಯದ ಬೋಲ್ಟ್ ಸಡಿಲ ಬಿಟ್ಟರೆ ಪುಲ್ಲಿ ಅಲುಗಾಡಿ ಕೀ (ಪುಲ್ಲಿ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡು) ಕೂರುವ ತೋಡನ್ನೇ ತಿಂದುಹಾಕುತ್ತದೆ, ಆಮೇಲೆ ಕ್ರ್ಯಾಂಕೇ ಬದಲಾಯಿಸಬೇಕಾಗಬಹುದು. ಬಿಚ್ಚಿದಾಗ ಕೀ ಮತ್ತು ಅದರ ತೋಡು ಸವೆದಿದೆಯಾ ನೋಡಿ. ವಾಪಸ್ ಹಾಕುವಾಗ ಹೊಸ ಬೋಲ್ಟ್, ಹೊಸ ಕೀ, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಲಾಕ್‌ಟೈಟ್ ಅಂಟು, ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ (ಬಿಗಿಯುವ ಬಲ). ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿದು ಮುಗಿಸುವವರ ಕೈಗೆ ಈ ಕೆಲಸ ಕೊಡಬೇಡಿ.